ಪ್ರತಿಕ್ರಿಯೆ: ಕಾದಂಬರಿಯಾಚೆಗೆ ಏನು ಓದಲಿ?

ಕಾದಂಬರಿ ಬಿಟ್ಟು ಬೇರೆ ಪ್ರಕಾರ ಹಿಡಿಸುತ್ತಿಲ್ಲ, ಇತ್ತೀಚೆಗೆ ಓದಿದ್ದರಲ್ಲಿ ಏನು ಹಿಡಿಸಿತು ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಉತ್ತರ ಒಂದೇ: ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ನೊಗ ಹೊತ್ತು ನಡೆಯುವವರಲ್ಲಿ ಒಬ್ಬರು ಹುಡುಗ ಸಿದ್ಧಲಿಂಗಯ್ಯನ ಅಪ್ಪ. ಇಂಥದ್ದನ್ನು ಹೇಳುವಾಗಲೂ ಲೇಖಕರ ದನಿ ಏರುವುದಿಲ್ಲ, ಮುಂದಿನ ಪುಟದಲ್ಲೇ ನಗಿಸುತ್ತಾರೆ. ಆ ನಗು ನೋವನ್ನು ಮುಚ್ಚುವುದಕ್ಕಲ್ಲ. ನಕ್ಕ ಮೇಲೆ ಸಂಕಟ ಇನ್ನೂ ಆಳಕ್ಕಿಳಿಯುತ್ತದೆ. ಕಥೆಯ ಓಟ ಬೇಕೆನ್ನುವ ನಿಮಗೆ ಇದು ಖಂಡಿತ ಒಗ್ಗುತ್ತದೆ, ಪುಟ್ಟ ಪುಟ್ಟ ಪ್ರಸಂಗಗಳಲ್ಲೇ ಸಾಗುವ ಪುಸ್ತಕ.

ವಿಜ್ಞಾನದ ಕಡೆ ಹೊರಳಬೇಕೆಂದರೆ ತೇಜಸ್ವಿಯವರ 'ಕರ್ವಾಲೊ' (1980) ಒಳ್ಳೆಯ ಸೇತುವೆ. ಕಾದಂಬರಿಯೇ, ಆದರೆ ಹಾರುವ ಓತಿಯ ಹುಡುಕಾಟ ಜೀವವಿಕಾಸದ ಪ್ರಶ್ನೆಯತ್ತ ಎಳೆದೊಯ್ಯುತ್ತದೆ. ಹಳ್ಳಿಯ ಮಂದಣ್ಣನ ಕಣ್ಣನ್ನು ವಿಜ್ಞಾನಿ ಗೌರವಿಸುವ ರೀತಿ ನನಗೆ ಬಹಳ ಇಷ್ಟ.

ವಿವೇಕ ಶಾನಭಾಗರ ಕಿರುಕಾದಂಬರಿ 'ಘಾಚರ್ ಘೋಚರ್' ಬಗ್ಗೆ ಮಾತ್ರ ಎಲ್ಲರಷ್ಟು ಉತ್ಸಾಹ ನನಗಿಲ್ಲ. ಇರುವೆಗಳ ಭಾಗ ಅದ್ಭುತ. ನಿರೂಪಕನ ಹೆಂಡತಿ ಅನಿತಾಳ ಪಾತ್ರಕ್ಕೆ ಇನ್ನಷ್ಟು ಜಾಗ ಬೇಕಿತ್ತು ಅನ್ನಿಸಿತು. ಮೊದಲು 'ಊರುಕೇರಿ' ಎತ್ತಿಕೊಳ್ಳಿ, ಹೇಗನ್ನಿಸಿತೆಂದು ಬರೆಯಿರಿ.