ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ, ಮನೆ ಬಿಡುವ ದಿನದ ಷರತ್ತು ಓದಿ

ನೀವು ಕೇಳಿದ್ದು ಇಷ್ಟು: ಮೊದಲ ಸಲ ಬಾಡಿಗೆ ಮನೆ ಹಿಡಿಯುತ್ತಿದ್ದೀರಿ, ಕರಾರಿನ ಕರಡು ಕೈಗೆ ಬಂದಿದೆ, ಬಾಡಿಗೆ ಮತ್ತು ಅಡ್ವಾನ್ಸ್ ಮಾತಾಡಿದಷ್ಟೇ ಇದೆ, ಸಹಿ ಹಾಕಿಬಿಡಬಹುದಾ?

ಇನ್ನೊಂದು ದಿನ ತಡೆಯಿರಿ. ನಾನು ಬಾಡಿಗೆ ಮನೆಗಳಲ್ಲಿ ಇದ್ದವಳು, ಈಗ ನಮ್ಮದೊಂದು ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಎರಡೂ ಕಡೆ ನಿಂತು ನೋಡಿದ್ದರಿಂದ ಹೇಳುತ್ತೇನೆ, ಬಾಡಿಗೆ ಎಷ್ಟು ಅನ್ನುವುದಕ್ಕೆ ಯಾರೂ ಜಗಳ ಆಡುವುದಿಲ್ಲ. ಅದು ಇಬ್ಬರಿಗೂ ಬಾಯಿಪಾಠ ಇರುತ್ತದೆ. ಜಗಳ ಹತ್ತುವುದು ಮನೆ ಖಾಲಿ ಮಾಡುವಾಗ. ಅದಕ್ಕೇ ಕರಡನ್ನು ಹಿಂದಿನಿಂದ ಓದಿ. ಮನೆ ಬಿಡುವ ದಿನ ಈ ಕಾಗದ ನಿಮಗೆ ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಅಂತ ಮೊದಲು ನೋಡಿ.

ಲಾಕ್-ಇನ್ ಮತ್ತು ನೋಟಿಸ್ ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಲಾಕ್-ಇನ್ ಅಂದರೆ ಅಷ್ಟು ತಿಂಗಳು ಮನೆ ಬಿಡುವ ಹಾಗಿಲ್ಲ, ಬಿಟ್ಟರೆ ದಂಡ. ನೋಟಿಸ್ ಅಂದರೆ ಬಿಡುವ ಮುಂಚೆ ಎಷ್ಟು ದಿನ ಮೊದಲು ತಿಳಿಸಬೇಕು ಅನ್ನುವುದು. ಲಾಕ್-ಇನ್ 6 ತಿಂಗಳು, ನೋಟಿಸ್ 2 ತಿಂಗಳು ಅಂತ ಇದೆ ಅನ್ನಿ. ನಾಲ್ಕನೇ ತಿಂಗಳ ಕೊನೆಗೆ ನೋಟಿಸ್ ಕೊಟ್ಟು ಆರಕ್ಕೆ ಹೊರಡಬಹುದಾ, ಅಥವಾ ಆರು ಮುಗಿದ ಮೇಲೇ ನೋಟಿಸ್ ಕೊಡಬೇಕಾ? ಎರಡನೆಯದಾದರೆ ನೀವು 8 ತಿಂಗಳು ಕಟ್ಟುಬಿದ್ದಂತೆ. ಕರಡಿನಲ್ಲಿ ಇದು ಸ್ಪಷ್ಟ ಇರುವುದು ಅಪರೂಪ, ಕೇಳಿ ಬರೆಸಿಕೊಳ್ಳಿ. ನೋಟಿಸ್ ಅವಧಿ ಮಾಲೀಕರಿಗೂ ಅಷ್ಟೇ ಇದೆಯಾ, ಇಮೇಲ್ ಅಥವಾ ಮೆಸೇಜ್‌ನಲ್ಲಿ ತಿಳಿಸಿದರೆ ಸಾಕಾ ಅನ್ನುವುದನ್ನೂ ನೋಡಿ.

ಇನ್ನು ಅಡ್ವಾನ್ಸ್. ಎಷ್ಟು ದಿನದೊಳಗೆ ವಾಪಸ್, ಯಾವ ಯಾವ ಕಾರಣಕ್ಕೆ ಹಿಡಿದುಕೊಳ್ಳಬಹುದು, ಹಿಡಿದರೆ ಬಿಲ್ ತೋರಿಸಬೇಕಾ, ಈ ಮೂರೂ ಕಾಗದದ ಮೇಲೆ ಇರಬೇಕು. ‘ಮಾಲೀಕರು ತಮ್ಮ ವಿವೇಚನೆಯಂತೆ ಹಣ ಮುರಿದುಕೊಳ್ಳತಕ್ಕದ್ದು’ ಅನ್ನುವ ಸಾಲು ಕಂಡರೆ ಅಲ್ಲೇ ನಿಲ್ಲಿ. ಗೋಡೆಯ ಬಣ್ಣ ಮಾಸುವುದು, ಬಾಗಿಲ ಹಿಡಿ ಸಡಿಲವಾಗುವುದು, ಇವು ಜನ ವಾಸ ಮಾಡಿದರೆ ಆಗುವ ಸವೆತ. ಬಾಗಿಲು ಒಡೆದಿರುವುದು ಹಾನಿ. ಸವೆತಕ್ಕೆ ಹಣ ಕಳೆಯುವಂತಿಲ್ಲ ಅಂತ ಒಂದು ಸಾಲು ಇರಲಿ. ಪೇಂಟಿಂಗ್‌ಗೆ ಇಂತಿಷ್ಟು ಅಂತ ಮೊದಲೇ ನಮೂದಿಸಿದ್ದರೆ ಅದು ಬಾಡಿಗೆಯ ಇನ್ನೊಂದು ರೂಪ ಅಂದುಕೊಂಡೇ ಲೆಕ್ಕ ಹಾಕಿ. ಮಾಲೀಕರ ಕಡೆಯ ಒಂದು ನ್ಯಾಯವಾದ ಭಯವೂ ಇದೆ: ಕೊನೆಯ ಕರೆಂಟ್ ಮತ್ತು ನೀರಿನ ಬಿಲ್ ನೀವು ಹೋದ ಮೇಲೆ ಬರುತ್ತದೆ. ಅದಕ್ಕೆ ಸ್ವಲ್ಪ ಹಣ ಉಳಿಸಿಕೊಂಡು ಮಿಕ್ಕದ್ದನ್ನು ಕೀ ಕೊಟ್ಟ ದಿನವೇ ಕೊಡಲಿ ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ನಾನೂ ಹಾಗೇ ಮಾಡುತ್ತೇನೆ.

ಆದರೆ ಇದೆಲ್ಲ ನಿಲ್ಲುವುದು ಮನೆ ಒಳಹೋದ ದಿನ ಹೇಗಿತ್ತು ಅನ್ನುವುದಕ್ಕೆ ಪುರಾವೆ ಇದ್ದರೆ ಮಾತ್ರ. ಸಾಮಾನು ಇಳಿಸುವ ಮುಂಚೆ, ಖಾಲಿ ಮನೆಯಲ್ಲಿ ಹಗಲು ಬೆಳಕಿನಲ್ಲಿ ಒಂದು ಸುತ್ತು ಬನ್ನಿ, ಮೊಬೈಲ್‌ನಲ್ಲಿ ವಿಡಿಯೋ ಓಡುತ್ತಿರಲಿ. ಪ್ರತಿ ನಲ್ಲಿ ತಿರುಗಿಸಿ. ಸಿಂಕ್ ಕೆಳಗಿನ ಕಪಾಟು ತೆಗೆದು ಪೈಪ್ ಜೋಡಣೆಯ ಕೆಳಗೆ ಕೈಯಾಡಿಸಿ, ಹಲಗೆ ಉಬ್ಬಿದ್ದರೆ ನೀರು ಹನಿಯುತ್ತಿದೆ ಅಂತಲೇ ಲೆಕ್ಕ. ಬಚ್ಚಲುಮನೆಯ ಹಿಂಬದಿ ಗೋಡೆಯನ್ನು ಆಚೆ ಕೋಣೆಯಿಂದ ನೋಡಿ, ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ತೇವ. ಪ್ರತಿ ಪ್ಲಗ್ ಪಾಯಿಂಟ್‌ಗೂ ಚಾರ್ಜರ್ ಚುಚ್ಚಿ ನೋಡಿ. ಕಿಟಕಿ ಚಿಲಕ ಹಾಕಿ ತೆಗೆಯಿರಿ. ಕೊನೆಗೆ ಕರೆಂಟ್ ಮೀಟರ್‌ನ ಅಂಕಿ, ಕೀಗಳ ಸಂಖ್ಯೆ. ಎಲ್ಲವನ್ನೂ ಒಂದು ಪಟ್ಟಿ ಮಾಡಿ ಕರಾರಿಗೆ ಅನುಬಂಧವಾಗಿ ಸೇರಿಸಿ, ಇಬ್ಬರೂ ಸಹಿ ಹಾಕಿ. ವಿಡಿಯೋವನ್ನು ಅವತ್ತೇ ಮಾಲೀಕರಿಗೆ ಕಳಿಸಿ, ತಾರೀಖು ತಾನೇ ದಾಖಲಾಗುತ್ತದೆ. ಕಳಿಸಲು ಸಂಕೋಚ ಬೇಡ. ಒಳ್ಳೆಯ ಮಾಲೀಕರಿಗೂ ಅದು ಅನುಕೂಲವೇ.

ಬಾಡಿಗೆ ಏರಿಕೆಯ ಸಾಲನ್ನು ಕಣ್ಣಾಡಿಸಿ ಬಿಡಬೇಡಿ, ಲೆಕ್ಕ ಹಾಕಿ. ವರ್ಷಕ್ಕೆ ಶೇ. 10 ಅಂದರೆ 100 ಇದ್ದದ್ದು 110, ಆಮೇಲೆ 121, ಮೂರನೇ ಏರಿಕೆಗೆ 133. ಶೇ. 5 ಆದರೆ ಅದೇ ಹೊತ್ತಿಗೆ 116ರ ಹತ್ತಿರ. ಏರಿಕೆ ಬರೀ ಬಾಡಿಗೆಯ ಮೇಲಾ, ನಿರ್ವಹಣಾ ಶುಲ್ಕವನ್ನೂ ಸೇರಿಸಿಯಾ? ಆ ಶುಲ್ಕದಲ್ಲಿ ಏನೇನು ಬರುತ್ತದೆ?

ಸಹಿ ಹಾಕುವವರು ನಿಜಕ್ಕೂ ಮಾಲೀಕರೇ ಅನ್ನುವುದು ಇವೆಲ್ಲಕ್ಕಿಂತ ಮೊದಲೇ ಖಚಿತವಾಗಬೇಕು. ಆಸ್ತಿ ತೆರಿಗೆಯ ರಸೀದಿ ತೋರಿಸಿ ಅನ್ನಿ. ಕರಾರಿನಲ್ಲಿರುವ ಹೆಸರು, ರಸೀದಿಯ ಹೆಸರು, ನೀವು ಹಣ ಹಾಕುವ ಬ್ಯಾಂಕ್ ಖಾತೆಯ ಹೆಸರು ತಾಳೆಯಾಗಬೇಕು. ಮಗನೋ ತಮ್ಮನೋ ಸಹಿ ಮಾಡುತ್ತಿದ್ದರೆ ಅಧಿಕಾರ ಪತ್ರದ ಪ್ರತಿ ಬೇಕು. ಇದನ್ನು ನೋಡುವವರೆಗೆ ಟೋಕನ್ ಹಣವನ್ನೂ ಕೊಡಬೇಡಿ, ‘ಇನ್ನೊಬ್ಬರು ರೆಡಿ ಇದ್ದಾರೆ’ ಅಂತ ಬ್ರೋಕರ್ ಎಷ್ಟೇ ಅವಸರಪಡಿಸಲಿ.

‘ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು’ ಅಂದರೆ ಎಷ್ಟರವರೆಗೆ ಸಣ್ಣದು? ಮೊತ್ತ ಬರೆಸಿ. ಗೋಡೆಯೊಳಗಿನ ಪೈಪ್, ವೈರಿಂಗ್, ಸೋರುವ ಛಾವಣಿ ಮಾಲೀಕರ ಪಾಲಿಗಿರಲಿ. ಮಾಲೀಕರು ಒಳಬರುವ ಮುಂಚೆ ಹಿಂದಿನ ದಿನವಾದರೂ ತಿಳಿಸಬೇಕು ಅಂತಲೂ ಇರಲಿ. ಮಧ್ಯೆ ಮನೆ ಮಾರಿದರೆ ನಿಮ್ಮ ಅಡ್ವಾನ್ಸ್‌ಗೆ ಯಾರು ಹೊಣೆ ಅನ್ನುವುದನ್ನು ಬಹಳ ಕರಡುಗಳು ಮುಟ್ಟುವುದೇ ಇಲ್ಲ. ಗೆಳೆಯರ ಜೊತೆ ಇರುವುದಾದರೆ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಅನ್ನುವ ಪದಗಳಿವೆಯಾ ನೋಡಿ. ಇದ್ದರೆ, ಒಬ್ಬ ಕೈಕೊಟ್ಟಾಗ ಪೂರ್ತಿ ಬಾಡಿಗೆಯನ್ನು ನಿಮ್ಮೊಬ್ಬರಿಂದಲೇ ಕೇಳಬಹುದು.

ನೋಂದಣಿ, ಮುದ್ರಾಂಕ ಶುಲ್ಕದ ನಿಯಮ ಒಂದೊಂದು ಕಡೆ ಒಂದೊಂದು ಥರ. ಅವಧಿ ಎಷ್ಟಾದರೆ ನೋಂದಣಿ ಕಡ್ಡಾಯ, ಖರ್ಚು ಯಾರದು ಅಂತ ಅಲ್ಲಿನ ವಕೀಲರೊಬ್ಬರನ್ನು ಕೇಳಿಬಿಡಿ.

ಬಾಯಲ್ಲಿ ಒಪ್ಪಿದ್ದೆಲ್ಲ, ಗೀಸರ್ ಹಾಕಿಸಿಕೊಡುತ್ತೇನೆ, ಗಾಡಿ ಒಳಗೆ ನಿಲ್ಲಿಸಿಕೊಳ್ಳಿ, ನಾಯಿ ಇದ್ದರೂ ಪರವಾಗಿಲ್ಲ, ಕರಡಿನೊಳಗೆ ಬರಬೇಕು. ಇವತ್ತೇ ಮಾಲೀಕರಿಗೆ ಹೀಗೊಂದು ಮೆಸೇಜ್ ಹಾಕಿ: ‘ಸರ್, ಕರಡು ಓದಿದೆ. ಅಡ್ವಾನ್ಸ್ ವಾಪಸಿನ ಅವಧಿ, ಲಾಕ್-ಇನ್ ಒಳಗೆ ನೋಟಿಸ್ ಕೊಡುವ ವಿಷಯ, ಮನೆಯ ಸ್ಥಿತಿಯ ಪಟ್ಟಿಯ ಅನುಬಂಧ, ಈ ಮೂರನ್ನು ಸೇರಿಸಿ ಕಳಿಸಿದರೆ ಸಹಿಗೆ ಬರುತ್ತೇನೆ.’ ಟೈಪ್ ಮಾಡಿಸಲು ಹೊತ್ತಿಲ್ಲ ಅಂದರೆ ಪೆನ್ನಿನಲ್ಲೇ ತಿದ್ದಲಿ, ತಿದ್ದಿದ ಪ್ರತಿ ಜಾಗದಲ್ಲೂ ಇಬ್ಬರ ಸಹಿ ಬೀಳಲಿ. ಖಾಲಿ ಬಿಟ್ಟ ಜಾಗಗಳಿಗೆ ಗೆರೆ ಎಳೆದು, ಸಹಿಯಾದ ಒಂದು ಪ್ರತಿ ತೆಗೆದುಕೊಂಡೇ ಹೊರಡಿ.