ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್: ವಿಮೆ ಮತ್ತು ಮ್ಯಾಪ್

ಬಾಡಿಗೆ ಕಾರಿನಲ್ಲಿ ಅಮೆರಿಕದ ಲಾಸ್ ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್, ಅರಿಝೋನಾದ ಪೇಜ್ ಊರು, ಯೂಟಾದ ಝಯಾನ್ ನ್ಯಾಷನಲ್ ಪಾರ್ಕ್ ಸುತ್ತಲು ಯಾವ ವಿಮೆ ಬೇಕು, ಜಿಪಿಎಸ್ ತಗೋಬೇಕಾ ಎಂದು ಕೇಳಿದ್ದೀರಿ. ಭಾರತದಿಂದ ಹೋಗುವವರಿಗೆ ಅಲ್ಲಿ ಸ್ವಂತ ಕಾರಿನ ಪಾಲಿಸಿ ಇರುವುದಿಲ್ಲ, ಅಲ್ವಾ? ಹಾಗಾಗಿ ಎರಡು ಬೇಕು. ಸಿಡಿಡಬ್ಲ್ಯೂ (ಕೊಲಿಷನ್ ಡ್ಯಾಮೇಜ್ ವೇವರ್) ನೀವು ಓಡಿಸುವ ಬಾಡಿಗೆ ಕಾರಿನ ಹಾನಿಗೆ ಮಾತ್ರ. ಎದುರಿನವರಿಗೆ ಪೆಟ್ಟಾದರೆ ಲಯಬಿಲಿಟಿ ವಿಮೆ. ಅದರಲ್ಲಿ ಕಾನೂನಿನ ಕನಿಷ್ಠ ಮೊತ್ತ ಅಲ್ಲಿನ ಆಸ್ಪತ್ರೆ ಬಿಲ್ಲಿಗೆ ಯಾವ ಮೂಲೆಗೂ ಸಾಲದು, ಜಾಸ್ತಿಯದನ್ನೇ ತಗೊಳ್ಳಿ. ಎರಡೂ ಸೇರಿದ ದರವನ್ನು ಬುಕ್ ಮಾಡುವಾಗಲೇ ನೋಡಿ.

ಜಿಪಿಎಸ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಹೋಟೆಲ್ ವೈಫೈನಲ್ಲೇ ಗೂಗಲ್ ಮ್ಯಾಪ್ಸ್ ಆಫ್‌ಲೈನ್ ಇಳಿಸಿಕೊಳ್ಳಿ. ಎಷ್ಟೋ ಕಡೆ ಮೈಲಿಗಟ್ಟಲೆ ಸಿಗ್ನಲ್ ಇರುವುದಿಲ್ಲ. ಇನ್ನೊಂದು ಮಾತು: ಬೇಸಿಗೆಯಲ್ಲಿ ಯೂಟಾ ಗಡಿಯಾರ ಅರಿಝೋನಾಗಿಂತ 1 ಗಂಟೆ ಮುಂದೆ. ಯೂಟಾ ಗಡಿ ಪಕ್ಕದ ಪೇಜ್ ಹತ್ತಿರ ನನ್ನ ಫೋನ್ ತಾನಾಗಿಯೇ ಸಮಯ ಬದಲಿಸಿ, ಅಲ್ಲಿನ ಆಂಟಲೋಪ್ ಕ್ಯಾನ್ಯನ್ ಟೂರ್‌ನ ಹೊತ್ತಿನ ಲೆಕ್ಕವೇ ತಪ್ಪಿಹೋಗಿತ್ತು!