ಮಂಡಿ ಸೋತರೂ ಕೈ ಇದೆ

ಪ್ರಶ್ನೆ: ಮಗನಿಗೆ ಈಗ 14, ಆಗಲೇ 6 ಅಡಿ ಎತ್ತರ. ಬಾಸ್ಕೆಟ್‌ಬಾಲ್‌ನಲ್ಲಿ ಎತ್ತರದವರ ಆಟವೆಲ್ಲ ನೆಗೆತದಲ್ಲೇ ಇದೆ, ಮಂಡಿ ಕೈಕೊಟ್ಟರೆ ಕಥೆ ಮುಗಿಯಿತು ಅನ್ನುತ್ತಾರೆ. ಅದಕ್ಕೇ ನೆಗೆತ ಹೆಚ್ಚಿಸುವ ತರಬೇತಿಗೆ ಸೇರಿಸಿದ್ದೇನೆ. ಸರಿಯೇ?
– ಓದುಗರೊಬ್ಬರು, ಜಯನಗರ

ಉತ್ತರ: ನೆಗೆತ ಬೇಡ ಎನ್ನುವುದಿಲ್ಲ. ಬುಟ್ಟಿಯ ಬಳಿ ಒಮ್ಮೆ ಹಾರಿ ಇಳಿದವನು ಮರುಕ್ಷಣವೇ ಇನ್ನೊಮ್ಮೆ ಹಾರಬೇಕು. ಮಂಡಿ ಸವೆದಾಗ ಈ ಎರಡನೆಯ ನೆಗೆತಕ್ಕೇ ಮೊದಲು ಪೆಟ್ಟು. ರೀಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡು, ಬೇರೆಯವರ ಪಾಲಾಗುತ್ತದೆ. ಅಷ್ಟು ನಿಜ.

ಕಥೆ ಮುಗಿಯಿತು ಎಂಬುದನ್ನು ಮಾತ್ರ ಒಪ್ಪಲಾರೆ. ಲಿಥುವೇನಿಯಾದ ಆರ್ವಿದಾಸ್ ಸಬೋನಿಸ್ 7 ಅಡಿ 3 ಅಂಗುಲದ ಆಳು. 1980ರ ದಶಕದಲ್ಲೇ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದು, ಹಳೆಯ ಚುರುಕು ಹೋಯಿತು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಬಂದದ್ದು 1995ರಲ್ಲಿ, 30 ತುಂಬಿದ ಮೇಲೆ. ಆದರೂ ನಿಂತಲ್ಲೇ ನಿಂತು ಪಾಸ್ ಕೊಡುತ್ತ ಪೋರ್ಟ್‌ಲೆಂಡ್ ತಂಡದ ಪರ 7 ಸೀಸನ್ ಆಡಿದರು! 2011ರ ಡಂಕ್ (ಹಾರಿ ಚೆಂಡನ್ನು ಬುಟ್ಟಿಯೊಳಕ್ಕೆ ಬಡಿಯುವ) ಸ್ಪರ್ಧೆಯಲ್ಲಿ ಕಾರಿನ ಮೇಲಿಂದ ಹಾರಿ ಗೆದ್ದ ಬ್ಲೇಕ್ ಗ್ರಿಫಿನ್ ತಮ್ಮ ಅತಿ ಹೆಚ್ಚಿನ ಸರಾಸರಿ, ಪಂದ್ಯಕ್ಕೆ 24.5 ಅಂಕ, ಗಳಿಸಿದ್ದು 2018–19ರಲ್ಲಿ. ಆ ಹೊತ್ತಿಗೆ ಹಾರಾಟ ಇಳಿದು ದೂರದ ಹೊಡೆತ ಬಂದಿತ್ತು. ಬ್ರೂಕ್ ಲೋಪೆಝ್ ಮೊದಲ 8 ಸೀಸನ್‌ಗಳಲ್ಲಿ ದೂರದಿಂದ ಹಾಕಿದ ಮೂರು ಅಂಕದ ಬುಟ್ಟಿಗಳು ಬರೀ 3. ಒಂಬತ್ತನೆಯದರಲ್ಲಿ 134. 2021ರಲ್ಲಿ ಮಿಲ್ವಾಕೀ ಜೊತೆ ಚಾಂಪಿಯನ್.

ಸಾರ್, ಇಂಥ ಕೈಚಳಕವನ್ನು ಮಂಡಿ ಗಟ್ಟಿಯಿರುವಾಗಲೇ ಕಲಿಸಬೇಕು. ಎನ್‌ಬಿಎ ಆಟಗಾರ ಟಿಮ್ ಡಂಕನ್ 19 ಸೀಸನ್ ನಂಬಿದ ಬ್ಯಾಂಕ್ ಶಾಟನ್ನೇ, ಅಂದರೆ ಹಲಗೆಗೆ ಬಡಿಸಿ ಬುಟ್ಟಿಗೆ ಬೀಳಿಸುವ ಹೊಡೆತವನ್ನೇ, ನೋಡಿ. ಹಲಗೆಗೆ 45 ಡಿಗ್ರಿ ಕೋನದಲ್ಲಿ, 10–12 ಅಡಿ ದೂರ ನಿಂತು, ಹಲಗೆಯ ಮೇಲೆ ಬರೆದ ಚೌಕದ ತನ್ನ ಕಡೆಯ ಮೇಲ್ಮೂಲೆಗೆ ಗುರಿ. ಎದುರಿಗೇ ಬಂದು ನಿಂತರೆ ಕೋನವೇ ಇರುವುದಿಲ್ಲ, ಚೆಂಡು ರಿಂಗಿಗೆ ಬಡಿದು ವಾಪಸ್. ಬಲಗೈ ಹುಕ್‌ಗೆ (ಪಕ್ಕಕ್ಕೆ ತಿರುಗಿ ಒಂದೇ ಕೈಯಿಂದ ತಲೆಯ ಮೇಲಿಂದ ಹೊಡೆಯುವುದು) ಎಡಗಾಲು ಊರಿ, ಎಡಭುಜ ಎದುರಾಳಿಗೆ ಒಡ್ಡಿ, ಚೆಂಡನ್ನು ಕಿವಿಯ ಪಕ್ಕದಿಂದಲೇ ಮೇಲಕ್ಕೆ ಒಯ್ಯಬೇಕು. ಹುಡುಗರು ಅದನ್ನು ಸೊಂಟದವರೆಗೆ ಇಳಿಸುತ್ತಾರೆ, ಎದುರಾಳಿ ತಂಡದ ಗಿಡ್ಡ ಆಟಗಾರ ಬಂದು ಕಿತ್ತುಕೊಳ್ಳುತ್ತಾನೆ. ರೀಬೌಂಡ್‌ಗೂ ಅಷ್ಟೇ: ಶಾಟ್ ಹೊರಟ ಕೂಡಲೇ ಚೆಂಡನ್ನು ನೋಡುತ್ತ ನಿಲ್ಲದೆ ಎದುರಾಳಿಯನ್ನು ಮುಂಗೈಯಿಂದ ತಡವಿ ಗುರುತಿಸಿ, ತಿರುಗಿ, ಮಂಡಿ ಬಗ್ಗಿಸಿ ಅವನ ತೊಡೆಗೆ ಸೊಂಟ ಆನಿಸಬೇಕು. ನೆಟ್ಟಗೆ ನಿಂತವನನ್ನು ಬುಟ್ಟಿಯಡಿಗೇ ತಳ್ಳಿಬಿಡುತ್ತಾರೆ.

ನಮ್ಮ ಬೆಂಗಳೂರಿನ ಬೇಸಿಗೆ ಶಿಬಿರಗಳಲ್ಲಿ ಆಗುವುದೇನು? ಉದ್ದದ ಹುಡುಗ ಕಂಡರೆ ಸಾಕು, "ನೀನು ಕೆಳಗೆ ನಿಲ್ಲು" ಎಂದು ಬುಟ್ಟಿಯಡಿ ನಿಲ್ಲಿಸುತ್ತಾರೆ. ಡ್ರಿಬಲ್ ಮಾಡಿದರೆ ಗದರುತ್ತಾರೆ, ದೂರದಿಂದ ಹೊಡೆದರೆ ಬೆಂಚು. ಮೇಲಾಗಿ ಕಾಂಕ್ರೀಟ್ ಅಂಕಣದಲ್ಲಿ ನೂರಾರು ಸಲ ಹಾರಿಸುವುದು. ಎರಡೂ ಪಾದ ಊರಿ, ಮಂಡಿ ಒಳಕ್ಕೆ ವಾಲದಂತೆ, ಸದ್ದಾಗದಂತೆ ಇಳಿಯುವುದನ್ನು ಎಷ್ಟು ಮಂದಿ ತರಬೇತುದಾರರು ತಿದ್ದುತ್ತಾರೆ? ಬೆಳೆಯುವ ಮಕ್ಕಳಿಗೆ ಮಂಡಿಚಿಪ್ಪಿನ ಕೆಳಗೆ ನೋವು ಬರುವುದು ಹೀಗೇ. ಎತ್ತರ ಕಂಡು ಕೈಗೆ ಕಲಿಸುವುದನ್ನೇ ಬಿಟ್ಟ ಈ ಅಭ್ಯಾಸದಿಂದ ಎಷ್ಟೋ ಒಳ್ಳೆಯ ಹುಡುಗರು ಕಾಲೇಜು ಮುಗಿಯುವ ಮೊದಲೇ ಆಟ ಬಿಡುತ್ತಾರೆ.

ನೆಗೆತದ ತರಬೇತಿ ವಾರಕ್ಕೆ ಎರಡು ದಿನ ಸಾಕು, ಅದೂ ಮರದ ನೆಲದ ಮೇಲೆ. ಉಳಿದ ಸಂಜೆಗಳಲ್ಲಿ 100 ಹೊಡೆತ: ಎರಡೂ ಬದಿಯಿಂದ 25–25 ಬ್ಯಾಂಕ್ ಶಾಟ್, ಎರಡೂ ಕೈಯಿಂದ 25–25 ಹುಕ್. ಎಡಗೈಯ ಹುಕ್ಕಿನಿಂದಲೇ ಶುರು ಮಾಡಿಸಿ. ಕೊನೆಗೆ ಇಟ್ಟರೆ ಸುಸ್ತಾಗಿದೆ ಎಂದು ಬಿಟ್ಟೇಬಿಡುತ್ತಾನೆ.